ನಲ್ಲಿಯಿಂದ ಇಳಿದ ಇಂಗ್ಲಿಷ್ ಪೇಲ್ ಏಲ್: ರುಚಿ ಬೇರೆ, ಅಮಲು ಬೇರೆ

ಅರಸೀಕೆರೆ ತಾಲ್ಲೂಕಿನ ಗಂಡಸಿ, ಬಾಣಾವರ, ಜಾವಗಲ್, ಕಣಕಟ್ಟೆ ಹೋಬಳಿಗಳ ಹಳ್ಳಿಗಳಿಂದ ಓದು ಮುಗಿಸಿ ಬೆಂಗಳೂರಿಗೆ ಉದ್ಯೋಗಕ್ಕೆ ತೆರಳಿದ ಯುವಜನರು ಕಡಿಮೆಯೇನಲ್ಲ. ಕಚೇರಿಯ ಗೆಳೆಯರೊಡನೆ ಒಂದು ಸಂಜೆ ಅವರು ಇಂದಿರಾನಗರದಲ್ಲೋ ಲ್ಯಾವೆಲ್ಲೆ ರಸ್ತೆಯಲ್ಲೋ ಇರುವ ಮೈಕ್ರೋಬ್ರೂವರಿಯೊಂದನ್ನು ಹೊಕ್ಕಾಗ, ಗೋಡೆಯ ಫಲಕದ ಮೇಲೆ ಹತ್ತಾರು ಹೆಸರುಗಳು ಕಾಣುತ್ತವೆ. ಪೇಲ್ ಏಲ್, ಇಂಡಿಯಾ ಪೇಲ್ ಏಲ್, ಸ್ಟೌಟ್, ಗೋಧಿ ಬಿಯರ್ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಇಂಗ್ಲಿಷ್ ಶೈಲಿಯ ಪೇಲ್ ಏಲ್ ಬಗ್ಗೆ ಮೊದಲ ಬಾರಿಗೆ ರುಚಿ ನೋಡಿದವರ ಅಭಿಪ್ರಾಯ ಬಹುತೇಕ ಒಂದೇ: ಇದು ತಣ್ಣಗಿಲ್ಲ, ಬುರುಗು ಸಾಲದು, ಕಹಿ ಹೆಚ್ಚು, 'ಕಿಕ್' ಕಡಿಮೆ.

ಈ ನಾಲ್ಕು ದೂರುಗಳೂ ಆ ಪಾನೀಯದ ನಾಲ್ಕು ಲಕ್ಷಣಗಳೇ ಆಗಿವೆ ಎಂಬುದು ಗಮನಾರ್ಹ. ನಮ್ಮ ಕಡೆ ಮದ್ಯವನ್ನು ಅಳೆಯುವುದಕ್ಕೆ ಒಂದೇ ಮಾನದಂಡ ಬಳಕೆಯಲ್ಲಿದೆ; ಅದು ಅಮಲು. ಕೊಬ್ಬರಿ ಮಾರಿದ ಹಣ ಅರಸೀಕೆರೆಯಿಂದ ಮನೆಗೆ ತಲುಪುವ ಮೊದಲೇ ಕರಗಿಹೋದ ಸಂಸಾರಗಳನ್ನು ಕಂಡ ಊರುಗಳಲ್ಲಿ ಮದ್ಯದ ಮಾತು ಬಂದರೆ ಜನರು 'ಕುಡಿಯುವವನು', 'ಕುಡಿಯದವನು' ಎಂಬ ಎರಡೇ ಗುಂಪು ಮಾಡುವುದು ಸಹಜ. ರುಚಿ ನೋಡುವವನು ಎಂಬ ಮೂರನೆಯ ವರ್ಗಕ್ಕೆ ಅಲ್ಲಿ ಸ್ಥಳವಿಲ್ಲ. ಪೇಲ್ ಏಲ್ ಎಂದರೇನು, ಅದನ್ನು ನಲ್ಲಿಯಿಂದಲೇ ಏಕೆ ಇಳಿಸುತ್ತಾರೆ, ಅದರ ರುಚಿಯನ್ನು ಗುರುತಿಸುವ ಕ್ರಮವೇನು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಕುಡಿಯಿರಿ ಎಂಬ ಪ್ರೇರಣೆ ಇದರಲ್ಲಿಲ್ಲ. ಲೋಟದಲ್ಲಿ ಏನಿದೆ ಎಂದು ತಿಳಿದವನು ಅದರ ಲೆಕ್ಕವನ್ನೂ ತಿಳಿದಿರಬಲ್ಲನು ಎಂಬುದಷ್ಟೇ ಇಲ್ಲಿನ ವಾದ.

ಹೆಸರಿನ ಅರ್ಥ

ಬಿಯರ್ ಎಂಬುದು ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಾಮಾನ್ಯವಾಗಿ ಬಾರ್ಲಿಯ, ಸಿಹಿ ರಸವನ್ನು ಹುದುಗಿಸಿ ಪಡೆಯುವ ಪಾನೀಯ. ಹುದುಗಿಸುವ ಯೀಸ್ಟ್ ಮತ್ತು ಉಷ್ಣಾಂಶವನ್ನು ಅನುಸರಿಸಿ ಅದರಲ್ಲಿ ಎರಡು ಮುಖ್ಯ ಕುಟುಂಬಗಳಿವೆ. ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ದಿನಗಳಲ್ಲಿ ಹುದುಗುವುದು ಏಲ್. ಸುಮಾರು 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ, ಅನಂತರ ವಾರಗಟ್ಟಲೆ ತಣ್ಣಗೆ ವಿಶ್ರಮಿಸುವುದು ಲಾಗರ್. ನಮ್ಮ ಮದ್ಯದಂಗಡಿಗಳಲ್ಲಿ ಸೀಸೆಗಳಲ್ಲಿ ದೊರೆಯುವ ಬಿಯರ್ ಬಹುಪಾಲು ಲಾಗರ್ ಕುಟುಂಬಕ್ಕೆ ಸೇರಿದ್ದು. ಆದುದರಿಂದಲೇ ಬಿಯರ್ ಎಂದರೆ ಹಳದಿ ಬಣ್ಣದ, ಕೊರೆಯುವಷ್ಟು ತಣ್ಣಗಿರುವ, ಬುರುಗು ಉಕ್ಕುವ ದ್ರವ ಎಂಬ ಕಲ್ಪನೆ ಬೇರೂರಿದೆ.

ಪೇಲ್ ಎಂದರೆ ತಿಳಿಬಣ್ಣದ್ದು. ಹಿಂದೆ ಇಂಗ್ಲೆಂಡಿನಲ್ಲಿ ಮೊಳಕೆಯ ಬಾರ್ಲಿಯನ್ನು ಸೌದೆಯ ಬೆಂಕಿಯಲ್ಲಿ ಒಣಗಿಸುತ್ತಿದ್ದರು. ಕಾಳು ಕಂದಾಗುತ್ತಿತ್ತು, ಹೊಗೆಯ ವಾಸನೆ ಹಿಡಿಯುತ್ತಿತ್ತು. 17ನೆಯ ಶತಮಾನದಲ್ಲಿ ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಕೆಗೆ ಬಂದ ಮೇಲೆ ಹೊಗೆಯಿಲ್ಲದ ಹದವಾದ ಶಾಖ ಸಾಧ್ಯವಾಯಿತು. ಕಾಳು ತಿಳಿಬಣ್ಣದಲ್ಲಿಯೇ ಉಳಿಯಿತು. ಅದರಿಂದ ತಯಾರಾದ ಏಲ್‌ಗೆ ಪೇಲ್ ಏಲ್ ಎಂಬ ಹೆಸರಾಯಿತು. ಆಗಿನ ಕಪ್ಪು ಬಿಯರ್‌ಗಳಿಗೆ ಹೋಲಿಸಿದಾಗ ಮಾತ್ರ ಅದು ತಿಳಿ. ಇಂದಿನ ಲಾಗರ್ ಪಕ್ಕದಲ್ಲಿಟ್ಟರೆ ಅದು ಜೇನಿನಿಂದ ತಾಮ್ರದವರೆಗಿನ ಬಣ್ಣದ್ದಾಗಿ ತೋರುತ್ತದೆ.

'ಇಂಡಿಯಾ' ಸೇರಿಕೊಂಡ ಬಗೆ

18ನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ ನಗರದ ಪೂರ್ವಕ್ಕಿರುವ ಬೋ ಎಂಬಲ್ಲಿನ ಹಾಡ್ಜ್‌ಸನ್ ಮನೆತನದ ಬ್ರೂವರಿಯು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಕಪ್ತಾನರಿಗೆ ಸಾಲದ ಮೇಲೆ ಬಿಯರ್ ಒದಗಿಸುತ್ತಿತ್ತು. ಕಂಪನಿಯ ಹಡಗುಕಟ್ಟೆ ಅಲ್ಲಿಗೆ ಸಮೀಪದಲ್ಲಿತ್ತು. ಆಫ್ರಿಕಾ ಖಂಡವನ್ನು ಬಳಸಿ ಬರುವ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಪೀಪಾಯಿಗಳು ಎರಡು ಬಾರಿ ಉಷ್ಣವಲಯವನ್ನು ದಾಟಬೇಕಿತ್ತು. ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲನ್ನು ಧಾರಾಳವಾಗಿ ಬಳಸಿದ ಪೇಲ್ ಏಲ್ ಆ ಪ್ರಯಾಣವನ್ನು ತಾಳಿಕೊಂಡಿತು. ಹಾಪ್ಸ್‌ನ ಕಹಿ ಅಂಶವು ಹುಳಿ ಹುಟ್ಟಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ.

ಭಾರತಕ್ಕಾಗಿಯೇ ಹಾಡ್ಜ್‌ಸನ್ ಹೊಸ ಬಿಯರೊಂದನ್ನು ಕಂಡುಹಿಡಿದ ಎಂಬ ಕಥೆ ಜನಪ್ರಿಯವಾಗಿದೆ. ಅದು ನಿಜವಲ್ಲ. ಹೆಚ್ಚು ಹಾಪ್ಸ್ ಹಾಕಿದ ತಿಳಿಬಣ್ಣದ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಹಡಗು ಅದನ್ನು ಇಲ್ಲಿಗೆ ತಂದಿತು. 1820ರ ದಶಕದಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿನ ಆಲ್ಸಪ್, ಬಾಸ್ ಮುಂತಾದ ಬ್ರೂವರಿಗಳು ಈ ವ್ಯಾಪಾರಕ್ಕೆ ಇಳಿದು ಹಾಡ್ಜ್‌ಸನ್ ಮನೆತನವನ್ನು ಹಿಂದಿಕ್ಕಿದವು. 'ಈಸ್ಟ್ ಇಂಡಿಯಾ ಪೇಲ್ ಏಲ್' ಎಂಬ ಹೆಸರು ಪತ್ರಿಕೆಗಳ ಜಾಹೀರಾತುಗಳಲ್ಲಿ ಕಾಣಿಸಿಕೊಂಡದ್ದು 1830ರ ಆಸುಪಾಸಿನಲ್ಲಿ. ಇಲ್ಲಿ ಅದನ್ನು ಕುಡಿಯುತ್ತಿದ್ದವರು ಹೆಚ್ಚಾಗಿ ಅಧಿಕಾರಿಗಳು ಮತ್ತು ವರ್ತಕರು. ಸಾಮಾನ್ಯ ಸಿಪಾಯಿಗೆ ಕಪ್ಪು ಬಣ್ಣದ ಪೋರ್ಟರ್ ಬಿಯರ್ ಮತ್ತು ಸ್ಥಳೀಯ ಸಾರಾಯಿಯೇ ಗತಿಯಾಗಿತ್ತು.

ಮುಂದೆ ಬ್ರೂವರಿಗಳೇ ಭಾರತಕ್ಕೆ ಬಂದವು. ನೀಲಗಿರಿಯ ಕ್ಯಾಸಲ್ ಬ್ರೂವರಿ 1857ರದು. ಬೆಂಗಳೂರು ಬ್ರೂಯಿಂಗ್ ಕಂಪನಿ 1885ರದು. ದಕ್ಷಿಣ ಭಾರತದ ಇಂತಹ ಐದು ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. 1947ರಲ್ಲಿ ವಿಠ್ಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಬೆಂಗಳೂರಿನಲ್ಲಿ ಇಂದು ಯು.ಬಿ. ಸಿಟಿ ಎಂಬ ಭವ್ಯ ಕಟ್ಟಡ ಸಮುಚ್ಚಯ ನಿಂತಿರುವುದು ಆ ಕಂಪನಿಯ ಹಳೆಯ ಬ್ರೂವರಿಯ ನಿವೇಶನದಲ್ಲಿಯೇ. ಕಾಲಕ್ರಮದಲ್ಲಿ ಏಲ್ ಹಿಂದೆ ಸರಿದು, ಲಾಗರ್ ದೇಶದ ಬಿಯರ್ ಆಯಿತು.

ಏಲ್ ಮತ್ತೆ ಕಾಣಿಸಿಕೊಂಡದ್ದು ಮೈಕ್ರೋಬ್ರೂವರಿಗಳ ಮೂಲಕ. ಕಿರು ಪ್ರಮಾಣದಲ್ಲಿ ಬಿಯರ್ ತಯಾರಿಸಿ, ತಯಾರಾದ ಸ್ಥಳದಲ್ಲಿಯೇ ಬಡಿಸುವ ಇಂತಹ ಕೇಂದ್ರಗಳು ಬೆಂಗಳೂರಿನಲ್ಲಿ 2010-11ರ ಸುಮಾರಿಗೆ ಆರಂಭವಾದವು. ಇಂದಿರಾನಗರದ ಟಾಯ್ಟ್, ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್ ಮೊದಲಿನವುಗಳಲ್ಲಿ ಸೇರಿವೆ. ಅಮೆರಿಕದ ಮಿಷಿಗನ್ ರಾಜ್ಯದ ಬ್ರೂವರಿಯೊಂದರ ಶಾಖೆಯಾಗಿ ಆರ್ಬರ್ ಬ್ರೂಯಿಂಗ್ ಕಂಪನಿ 2012ರಲ್ಲಿ ಬಂದಿತು. ಇನ್ನೂರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ಪಾನೀಯವು ಹೀಗೆ ಮೇಜಿನಿಂದ ನಾಲ್ಕಾರು ಮಾರು ದೂರದ ತೊಟ್ಟಿಯಿಂದ ಲೋಟಕ್ಕೆ ಬರುವಂತಾಯಿತು.

ನಾಲ್ಕು ವಸ್ತುಗಳು, ನಾಲ್ಕು ಪರಿಚಿತ ಹೋಲಿಕೆಗಳು

ಪೇಲ್ ಏಲ್‌ನಲ್ಲಿರುವುದು ನಾಲ್ಕೇ ವಸ್ತುಗಳು: ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. ಇವುಗಳ ಗುಣವನ್ನು ಅರಿಯಲು ನಮ್ಮ ಜಿಲ್ಲೆಯವರು ಬಹಳ ದೂರ ಹೋಗಬೇಕಾಗಿಲ್ಲ.

ಮಾಲ್ಟ್ ಎಂಬ ಮಾತು ನಮ್ಮ ಮನೆಗಳಿಗೆ ರಾಗಿಯ ಮೂಲಕ ಪರಿಚಿತ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿ ಮಗುವಿಗೆ ಸರಿ ಮಾಡುವುದನ್ನು ಎಲ್ಲರೂ ಬಲ್ಲರು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆದುದರಿಂದಲೇ ಮೊಳಕೆ ರಾಗಿಯ ಗಂಜಿ ತೆಳುವಾಗಿಯೂ ತುಸು ಸಿಹಿಯಾಗಿಯೂ ಇರುತ್ತದೆ. ಬಾರ್ಲಿಯಲ್ಲಿ ನಡೆಯುವುದೂ ಅದೇ. ಸಿಕ್ಕಿಂ ಮತ್ತು ನೇಪಾಳದ ಬೆಟ್ಟಗಳಲ್ಲಿ ರಾಗಿಯನ್ನೇ ಹುದುಗಿಸಿ 'ತೋಂಗ್ಬಾ' ಎಂಬ ಪಾನೀಯ ತಯಾರಿಸುತ್ತಾರೆ. ಇಂಗ್ಲಿಷ್ ಪೇಲ್ ಏಲ್‌ಗೆ ಹೆಸರುವಾಸಿಯಾದ ಬಾರ್ಲಿ ತಳಿ ಮಾರಿಸ್ ಆಟರ್. 1960ರ ದಶಕದಲ್ಲಿ ಬಳಕೆಗೆ ಬಂದ ಈ ತಳಿಯ ಮಾಲ್ಟ್ ಬಿಸ್ಕತ್ತು, ಸುಟ್ಟ ಬ್ರೆಡ್ಡಿನ ಅಂಚು, ತೆಳು ಜೇನನ್ನು ನೆನಪಿಸುವ ರುಚಿ ಕೊಡುತ್ತದೆ.

ಹಾಪ್ಸ್ ಕಹಿಗೂ ಪರಿಮಳಕ್ಕೂ ಮೂಲ. ಭಾರತದಲ್ಲಿ ಇದನ್ನು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಸಿಹಿ ರಸದೊಂದಿಗೆ ಕುದಿಸಿದಾಗ ಇದರ ಆಮ್ಲಗಳು ರೂಪಾಂತರ ಹೊಂದಿ ಕಹಿಯಾಗುತ್ತವೆ. ಕುದಿಯುವುದರ ಕೊನೆಯಲ್ಲಿ ಹಾಕಿದ ಹಾಪ್ಸ್ ಕಹಿಗಿಂತ ಪರಿಮಳವನ್ನು ಹೆಚ್ಚಾಗಿ ಕೊಡುತ್ತದೆ. ಬೇಲೂರು, ಸಕಲೇಶಪುರದ ಕಾಫಿ ಸೀಮೆಯವರಿಗೆ ಈ ಕಹಿಯ ವಿಚಾರ ಹೊಸದಲ್ಲ. ಹದವಾಗಿ ಹುರಿದ ಬೀಜದ ಡಿಕಾಕ್ಷನ್ ಕಹಿ ಬೇರೆ, ಕರಿಕಾದ ಬೀಜದ ಕಹಿ ಬೇರೆ ಎಂದು ಅವರು ಒಂದೇ ಗುಟುಕಿನಲ್ಲಿ ಹೇಳಬಲ್ಲರು. ಮಗು ಕಾಫಿಯನ್ನು ಉಗುಳುತ್ತದೆ. ಪ್ರಾಯದವರು ಅದೇ ಕಹಿಯನ್ನು ಅರಸಿ ಬೆಳಿಗ್ಗೆ ಏಳುತ್ತಾರೆ. ಕಹಿಯ ರುಚಿ ಅಭ್ಯಾಸದಿಂದ ಬರುವಂಥದು. ಈಸ್ಟ್ ಕೆಂಟ್ ಗೋಲ್ಡಿಂಗ್ಸ್, ಫಗಲ್ ಎಂಬ ಇಂಗ್ಲಿಷ್ ಹಾಪ್ಸ್ ತಳಿಗಳ ಪರಿಮಳ ಮಣ್ಣು, ಒಣಹುಲ್ಲು, ಹೂವು, ಚಹಾ ಎಲೆಯ ಕಡೆಗೆ ವಾಲುತ್ತದೆ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಅಮೆರಿಕದ ತಳಿ ಚಕ್ಕೋತ, ಕಿತ್ತಳೆ ಸಿಪ್ಪೆಯ ವಾಸನೆ ಬೀರುತ್ತದೆ. ಲೋಟವನ್ನು ಮೂಗಿನ ಬಳಿ ತಂದ ಕೂಡಲೇ ಚಕ್ಕೋತ ಮುಂದಾಗಿ ನಿಂತರೆ, ಫಲಕದಲ್ಲಿ ಏನೇ ಬರೆದಿರಲಿ, ಅದು ಅಮೆರಿಕನ್ ಶೈಲಿಯದೆಂದು ತಿಳಿಯಬಹುದು.

ಯೀಸ್ಟ್‌ನ ಕೆಲಸವನ್ನು ತೆಂಗಿನ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಹೊಂಬಾಳೆಯಿಂದ ಇಳಿದ ನೀರಾ ಬೆಳಿಗ್ಗೆ ಸಿಹಿ. ಕಾಪಾಡದೆ ಬಿಟ್ಟರೆ ಕೆಲವೇ ತಾಸುಗಳಲ್ಲಿ ಅದು ಕಳ್ಳು. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಉಂಟುಮಾಡುತ್ತದೆ. ಕಳ್ಳಿನಲ್ಲಿ ಈ ಕ್ರಿಯೆಗೆ ಲಗಾಮಿಲ್ಲ, ಬ್ರೂವರಿಯಲ್ಲಿ ಲಗಾಮಿದೆ. ಮುಖ್ಯ ವ್ಯತ್ಯಾಸ ಅಷ್ಟೇ. ಬೆಚ್ಚಗೆ ಹುದುಗುವ ಇಂಗ್ಲಿಷ್ ಯೀಸ್ಟ್ ಸೇಬು, ಪೇರು, ಕಿತ್ತಳೆ ಮಾರ್ಮಲೇಡ್ ನೆನಪಿಸುವ ಎಸ್ಟರ್ ಎಂಬ ಸಂಯುಕ್ತಗಳನ್ನೂ ಹುಟ್ಟಿಸುತ್ತದೆ. ಪೇಲ್ ಏಲ್‌ನಲ್ಲಿ ಹಣ್ಣು ಹಾಕಿರುವುದಿಲ್ಲ. ಆದರೂ ಹಣ್ಣಿನ ಸುಳಿವು ಇರುತ್ತದೆ.

ಇನ್ನು ನೀರು. ಬರ್ಟನ್ ಊರಿನ ಬಾವಿಗಳ ನೀರಿನಲ್ಲಿ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹೇರಳವಾಗಿದೆ. ಸಲ್ಫೇಟ್ ಇರುವ ನೀರಿನಲ್ಲಿ ಹಾಪ್ಸ್‌ನ ಕಹಿ ಚುರುಕಾಗಿ, ಒಣದಾಗಿ, ನಾಲಗೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಲಂಡನ್ ಬ್ರೂವರಿಗಳನ್ನು ಬರ್ಟನ್ ಸೋಲಿಸಿದ್ದು ಹೆಚ್ಚಾಗಿ ಈ ನೀರಿನ ಬಲದಿಂದ. ಅರಸೀಕೆರೆ ಸೀಮೆಯ ಬೋರ್‌ವೆಲ್ ನೀರೂ ಗಡಸೇ ಅಲ್ಲವೇ ಎಂದು ಓದುಗರು ಕೇಳಬಹುದು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನಗಳ ವ್ಯತ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕುದಿಸಿದಾಗ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದು ಬೈಕಾರ್ಬೊನೇಟ್‌ನ ತಾತ್ಕಾಲಿಕ ಗಡಸುತನ. ಅದು ಪೇಲ್ ಏಲ್‌ನ ಕಹಿಯನ್ನು ಒರಟುಗೊಳಿಸುತ್ತದೆ. ಬರ್ಟನ್ ನೀರಿನ ಹೆಗ್ಗಳಿಕೆ ಇರುವುದು ಸಲ್ಫೇಟ್‌ನ ಶಾಶ್ವತ ಗಡಸುತನದಲ್ಲಿ. ಇಂದು ಬ್ರೂವರಿಗಳು ನೀರನ್ನು ಶುದ್ಧೀಕರಿಸಿ, ಬೇಕಾದ ಲವಣಗಳನ್ನು ತೂಕ ಮಾಡಿ ಬೆರೆಸುತ್ತವೆ. ಹೀಗೆ ಬರ್ಟನ್‌ನ ನೀರನ್ನು ಬೆಂಗಳೂರಿನಲ್ಲಿಯೂ ಅನುಕರಿಸಬಹುದು.

ನಲ್ಲಿಯ ಹಿಂದೆ ಏನಿದೆ?

ನಲ್ಲಿಯಿಂದ ಬರುವ ಬಿಯರ್‌ಗಳೆಲ್ಲ ಒಂದೇ ಬಗೆಯವಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ಕ್ರಮದಲ್ಲಿ ಏಲ್ ಪೂರ್ತಿ ಹುದುಗುವ ಮುನ್ನವೇ ಪೀಪಾಯಿ ಸೇರುತ್ತದೆ. ಜೀವಂತ ಯೀಸ್ಟ್ ಅಲ್ಲಿಯೂ ಕೆಲಸ ಮುಂದುವರಿಸಿ ಸಹಜವಾದ, ಸೌಮ್ಯವಾದ ಬುರುಗನ್ನು ಹುಟ್ಟಿಸುತ್ತದೆ. ಪೀಪಾಯಿಯು ಪಬ್ಬಿನ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇರುತ್ತದೆ. ಬಡಿಸುವವರು ಉದ್ದ ಹಿಡಿಯೊಂದನ್ನು ಎಳೆದು ಅದನ್ನು ಮೇಲಕ್ಕೆತ್ತುತ್ತಾರೆ. ನಮ್ಮ ಊರಿನ ಕೈಪಂಪಿನ ತತ್ತ್ವವೇ ಅಲ್ಲಿಯೂ ಇದೆ. ಇಂತಹ ಯಂತ್ರಕ್ಕೆ ಜೋಸೆಫ್ ಬ್ರಾಮಾ 1797ರಲ್ಲಿ ಪೇಟೆಂಟ್ ಪಡೆದಿದ್ದರು. ಹೊರಗಿನಿಂದ ಅನಿಲವನ್ನು ಒತ್ತಿ ತುಂಬದ ಕಾರಣ, ಪೀಪಾಯಿ ತೆರೆದೊಡನೆ ಗಾಳಿ ಒಳಹೊಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಖಾಲಿಯಾಗದಿದ್ದರೆ ಏಲ್ ಹುಳಿಯುತ್ತದೆ. ಕಾರ್ಖಾನೆಗಳ ಅನಿಲ ತುಂಬಿದ ಬಿಯರ್‌ನ ಮುಂದೆ ಈ ಪದ್ಧತಿ ಅಳಿಯುವ ಸ್ಥಿತಿಗೆ ಬಂದಾಗ, ಅದನ್ನು ಉಳಿಸಲೆಂದೇ 1971ರಲ್ಲಿ ಬ್ರಿಟನ್ನಿನ ಗ್ರಾಹಕರು 'ಕ್ಯಾಮ್ರಾ' ಎಂಬ ಸಂಘಟನೆ ಕಟ್ಟಿದರು.

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯ ಕ್ರಮ. ಉಕ್ಕಿನ ತೊಟ್ಟಿ ಅಥವಾ ಕೆಗ್‌ನಿಂದ ಇಂಗಾಲದ ಡೈಆಕ್ಸೈಡ್‌ನ ಒತ್ತಡದಲ್ಲಿ ಬಿಯರ್ ನಲ್ಲಿಗೆ ಬರುತ್ತದೆ. ಇದು ಹೆಚ್ಚು ತಣ್ಣಗೆ, ಹೆಚ್ಚು ಬುರುಗಿನೊಂದಿಗೆ ಇರುತ್ತದೆ. ಗಾಳಿ ತಾಗದ ಕಾರಣ ಹೆಚ್ಚು ದಿನ ಬಾಳುತ್ತದೆ. ನಮ್ಮ ಹವಾಮಾನಕ್ಕೆ ಈ ಕ್ರಮವೇ ಸೂಕ್ತವೆನ್ನಬೇಕು. ಆದರೂ ಸೀಸೆಗಿಂತ ನಲ್ಲಿ ಮೇಲು ಎನ್ನುವುದಕ್ಕೆ ಕಾರಣಗಳಿವೆ. ಬಿಯರ್‌ಗೆ ಮೂವರು ವೈರಿಗಳು: ಶಾಖ, ಬೆಳಕು, ಆಮ್ಲಜನಕ. ಲಾರಿಯಲ್ಲಿ ಬಿಸಿಲು ತಿಂದು, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಾದ ಸೀಸೆಯಲ್ಲಿ ಹಾಪ್ಸ್‌ನ ಪರಿಮಳ ಮೊದಲು ಮಾಯವಾಗುತ್ತದೆ. ಮೈಕ್ರೋಬ್ರೂವರಿಯ ಬಿಯರ್ ಬಹುಮಟ್ಟಿಗೆ ಸ್ಥಳದಲ್ಲಿಯೇ ಮುಗಿಯಬೇಕಾದ ತಾಜಾ ಪದಾರ್ಥ. 2020ರ ಲಾಕ್‌ಡೌನ್ ಕಾಲದಲ್ಲಿ ಪಬ್ಬುಗಳು ಮುಚ್ಚಿ ತೊಟ್ಟಿಗಳಲ್ಲಿ ಬಿಯರ್ ಹಾಳಾಗುವ ಸ್ಥಿತಿ ಬಂದಾಗ, ಅದನ್ನು ಪಾತ್ರೆಗಳಲ್ಲಿ ಒಯ್ಯಲು ಕರ್ನಾಟಕ ಸರ್ಕಾರ ತಾತ್ಕಾಲಿಕ ಅವಕಾಶ ನೀಡಬೇಕಾಯಿತು.

ರುಚಿ ನೋಡುವ ಕ್ರಮ

ಮೊದಲಿಗೆ ಪೂರ್ಣ ಲೋಟ ತರಿಸುವ ಅಗತ್ಯವಿಲ್ಲ. ಕೇಳಿದರೆ ಅನೇಕ ಮೈಕ್ರೋಬ್ರೂವರಿಗಳಲ್ಲಿ ಒಂದೆರಡು ಗುಟುಕಿನಷ್ಟು ಮಾದರಿ ಕೊಡುತ್ತಾರೆ. ರುಚಿ ಅರಿಯಲು ಅಷ್ಟು ಸಾಕು.

ಮೊದಲು ಕಣ್ಣು. ಲೋಟವನ್ನು ಬೆಳಕಿಗೆ ಹಿಡಿಯಬೇಕು. ಜೇನು ಬಣ್ಣದಿಂದ ತಾಮ್ರದ ಬಣ್ಣದವರೆಗೆ ಇರುವುದು ಸರಿ. ನೊರೆ ಬಿಳಿಯಾಗಿ ಅಥವಾ ಕೆನೆಬಣ್ಣದಲ್ಲಿರಬೇಕು, ದಪ್ಪವಾಗಿರಬೇಕೆಂದಿಲ್ಲ. ಲೋಟದ ಒಳಗೋಡೆಗೆ ಗುಳ್ಳೆಗಳು ಅಲ್ಲಲ್ಲಿ ಅಂಟಿಕೊಂಡಿದ್ದರೆ, ನೊರೆ ಸುರಿದೊಡನೆಯೇ ಸತ್ತರೆ ಲೋಟ ಸರಿಯಾಗಿ ತೊಳೆದಿಲ್ಲ ಎಂದು ಸಂಶಯಿಸಬೇಕು. ಎಣ್ಣೆ ಪಸೆ ನೊರೆಯನ್ನು ಕೊಲ್ಲುತ್ತದೆ. ಬಜ್ಜಿ, ಕಡಲೆಬೀಜದ ಮಸಾಲೆ ತಿಂದ ತುಟಿಯೂ ಅದೇ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಬೇಕು.

ಅನಂತರ ಮೂಗು. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಇದೇ ಕಾರಣಕ್ಕೆ. ಲೋಟವನ್ನು ಮೆಲ್ಲನೆ ಅಲುಗಿಸಿ ಎರಡು ಮೂರು ಸಣ್ಣ ಉಸಿರು ಎಳೆಯಬೇಕು. ಬಿಸ್ಕತ್ತು, ಒಣಹುಲ್ಲು, ಹೂವು, ಹಣ್ಣು ಇವುಗಳಲ್ಲಿ ಯಾವುದು ಮುಂದಿದೆ ಎಂದು ಹೆಸರಿಟ್ಟು ನೋಡಬೇಕು. ಹೆಸರು ಸಿಗದಿದ್ದರೆ ಮನೆಯ ನೆನಪುಗಳನ್ನೇ ಬಳಸಬಹುದು. ಹುರಿದ ರಾಗಿಯ ಘಮ, ಹೊಸ ಹುಲ್ಲಿನ ಬಣವೆ, ಮಾಗಿದ ಸೀಬೆ ಎಂದರೂ ತಪ್ಪಿಲ್ಲ.

ಮೂರನೆಯದು ಗುಟುಕು. ಬಾಯಿ ತುಂಬುವಷ್ಟು ಬೇಡ. ಒಂದು ಸಣ್ಣ ಗುಟುಕನ್ನು ನಾಲಗೆಯ ಮೇಲೆಲ್ಲ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಬೇಕು. ಇಂಗ್ಲಿಷ್ ಪೇಲ್ ಏಲ್‌ನಲ್ಲಿ ಮೊದಲು ಮಾಲ್ಟ್‌ನ ತೆಳು ಸಿಹಿ, ನಡುವೆ ಹಣ್ಣಿನ ಛಾಯೆ, ಕೊನೆಯಲ್ಲಿ ಒಣ ಕಹಿ ಈ ಅನುಕ್ರಮದಲ್ಲಿ ಬರುತ್ತದೆ. ಸಿಹಿ ಮತ್ತು ಕಹಿ ಒಂದನ್ನೊಂದು ಹಿಡಿದು ನಿಲ್ಲಿಸಿರಬೇಕು. ಕಹಿ ಗಂಟಲಿಗೆ ಉಜ್ಜಿದಂತಾದರೆ, ಅಥವಾ ಸಿಹಿ ಅಂಟಿಕೊಂಡು ಉಳಿದರೆ ತೂಕ ತಪ್ಪಿದೆ ಎಂದರ್ಥ.

ಕೊನೆಯದು ಕಾಯುವುದು. ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕರಿಸಿದರೆ ಅದೇ ಲೋಟ ಬೇರೆ ಮಾತಾಡುತ್ತದೆ. ತಣ್ಣಗಿರುವಾಗ ಪರಿಮಳದ ಅಣುಗಳು ಮೇಲೇಳುವುದಿಲ್ಲ, ನಾಲಗೆಯೂ ಮಂದವಾಗಿರುತ್ತದೆ. 4 ಡಿಗ್ರಿಯಲ್ಲಿ ಸಪ್ಪೆಯಾಗಿದ್ದ ಏಲ್ 10-12 ಡಿಗ್ರಿಗೆ ಬಂದಾಗ ಅರಳುತ್ತದೆ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಎಂಬ ಹಾಸ್ಯದ ಹಿಂದಿನ ಸತ್ಯ ಇಷ್ಟೇ: ಅದು ಬಿಸಿಯಾಗಿರುವುದಿಲ್ಲ, ನೆಲಮಾಳಿಗೆಯಷ್ಟು ತಂಪಾಗಿರುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರಿಗೂ ಫ್ರಿಜ್ಜಿನ ನೀರಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ದೋಷಗಳನ್ನು ಗುರುತಿಸುವುದು

ರುಚಿ ಬಲ್ಲ ಗ್ರಾಹಕನಿಗೆ ಹಾಳಾದುದನ್ನು ಹಿಂದಿರುಗಿಸುವ ಧೈರ್ಯ ಬರುತ್ತದೆ. ವಿನೆಗರ್‌ನಂತಹ ಹುಳಿ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ನೆನೆದ ರಟ್ಟಿನ ವಾಸನೆ ಇದ್ದರೆ ಆಮ್ಲಜನಕ ತಾಗಿ ಹಳಸಿದೆ. ಕರಗಿಸಿದ ಬೆಣ್ಣೆಯಂತಹ ವಾಸನೆ ಡೈಅಸಿಟೈಲ್ ಎಂಬ ಸಂಯುಕ್ತದ್ದು. ಕೆಲವು ಇಂಗ್ಲಿಷ್ ಏಲ್‌ಗಳಲ್ಲಿ ಅದರ ಎಳೆ ಸಹ್ಯ, ಹೆಚ್ಚಾದರೆ ದೋಷ. ಬೇಯಿಸಿದ ಮುಸುಕಿನ ಜೋಳದ ವಾಸನೆ ಪೇಲ್ ಏಲ್‌ನಲ್ಲಿ ಇರಬಾರದು. ತೆಳುವಾದ ಗಂಧಕದ ವಾಸನೆ ಮಾತ್ರ ಬರ್ಟನ್ ಶೈಲಿಯಲ್ಲಿ ಸಹಜವೆಂದು ಪರಿಗಣಿತವಾಗಿದೆ.

ಅನೇಕ ಸಲ ದೋಷ ಬ್ರೂವರಿಯದಾಗಿರದೆ ಕೊಳವೆಯದಾಗಿರುತ್ತದೆ. ತೊಟ್ಟಿಯಿಂದ ನಲ್ಲಿಗೆ ಹೋಗುವ ಕೊಳವೆಯ ಒಳಮೈಯಲ್ಲಿ ಯೀಸ್ಟ್, ಬ್ಯಾಕ್ಟೀರಿಯಾಗಳ ಲೋಳೆ ಕಟ್ಟುತ್ತದೆ. ಬ್ರಿಟನ್ನಿನಲ್ಲಿ ವಾರಕ್ಕೊಮ್ಮೆ, ಅಮೆರಿಕದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯ ಪದ್ಧತಿ ಎನಿಸಿದೆ. ಕೊಳವೆ ತೊಳೆದು ಎಷ್ಟು ದಿನವಾಯಿತು ಎಂದು ಕೇಳುವುದು ಅಸಭ್ಯತೆಯಲ್ಲ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪೀಪಾಯಿಯ ಏಲ್ ತಿಳಿಯಾಗಲೆಂದು ಇಂಗ್ಲೆಂಡಿನಲ್ಲಿ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್‌ಲಾಸ್ ಎಂಬ ಪದಾರ್ಥವನ್ನು ಬಹುಕಾಲದಿಂದ ಬಳಸುತ್ತಾರೆ. ಅದು ಯೀಸ್ಟನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಲೋಟಕ್ಕೆ ಬರುವುದು ಅತ್ಯಲ್ಪ. ಆದರೂ ಆಹಾರ ನಿಯಮ ಪಾಲಿಸುವವರಿಗೆ ಈ ವಿಷಯ ಮುಖ್ಯ. ಎಲ್ಲ ಬ್ರೂವರಿಗಳೂ ಇದನ್ನು ಬಳಸುವುದಿಲ್ಲ. ಕೇಳಿ ತಿಳಿಯುವುದು ಉತ್ತಮ.

ಲೋಟದ ಲೆಕ್ಕ

ಇಂಗ್ಲಿಷ್ ಪೇಲ್ ಏಲ್‌ನಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 4ರಿಂದ 5. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಶೇ. 5ನ್ನು ಮೀರಿದ ಬಿಯರ್ 'ಸ್ಟ್ರಾಂಗ್'. ಭಾರತದಲ್ಲಿ ಹೆಚ್ಚು ಮಾರಾಟವಾಗುವುದು ಇದೇ. ಹೋಲಿಕೆಗಾಗಿ ಕೆಲವು ಅಂಕಿಗಳನ್ನು ಗಮನಿಸಬಹುದು. ಶೇ. 4.5ರ ಏಲ್ 330 ಮಿ.ಲೀ. ಲೋಟದಲ್ಲಿ ಸುಮಾರು 12 ಗ್ರಾಂ ಶುದ್ಧ ಮದ್ಯಸಾರವಿದೆ. ಅದೇ ಏಲ್ 568 ಮಿ.ಲೀ.ನ ಇಂಗ್ಲಿಷ್ ಪೈಂಟ್‌ನಲ್ಲಿ 20 ಗ್ರಾಂ. ಅಂದರೆ 60 ಮಿ.ಲೀ. ವಿಸ್ಕಿಗೆ ಸಮ. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಸೀಸೆಯಲ್ಲಿ ಸುಮಾರು 41 ಗ್ರಾಂ. ಶೇ. 42.8ರ ಮದ್ಯದ 90 ಮಿ.ಲೀ. ಪ್ಯಾಕೆಟ್‌ನಲ್ಲಿ 30 ಗ್ರಾಂ, 180 ಮಿ.ಲೀ. ಕ್ವಾರ್ಟರ್‌ನಲ್ಲಿ 61 ಗ್ರಾಂ.

ದೇಹವು ಗಂಟೆಗೆ ಹೊರಹಾಕಬಲ್ಲದ್ದು ಸರಾಸರಿ 7ರಿಂದ 10 ಗ್ರಾಂ ಮಾತ್ರ. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಬಿಯರ್ ಮದ್ಯವಲ್ಲ, ಬರೀ ತಂಪು ಪಾನೀಯ ಎಂಬ ಹಳ್ಳಿಯ ನಂಬಿಕೆಯೂ, ಪೇಲ್ ಏಲ್ ನಾಗರಿಕರ ಪಾನೀಯವಾದುದರಿಂದ ನಿರುಪದ್ರವಿ ಎಂಬ ನಗರದ ನಂಬಿಕೆಯೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿತ್ಯ ಔಷಧ ಸೇವಿಸುವವರು, ಕುಡಿತದ ಚಟದಿಂದ ಹೊರಬಂದವರು ಮಾದರಿಯ ಗುಟುಕನ್ನೂ ಮುಟ್ಟದಿರುವುದೇ ಸರಿ. ವಾಹನ ಚಾಲಕನ ರಕ್ತದಲ್ಲಿ 100 ಮಿ.ಲೀ.ಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡರೆ ಅದು ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಒಂದು ಪೈಂಟ್ ಅನೇಕರನ್ನು ಈ ಮಿತಿಯ ಅಂಚಿಗೆ ಅಥವಾ ಆಚೆಗೆ ತಳ್ಳಬಲ್ಲದು. ಶನಿವಾರ ಸಂಜೆ ಬೆಂಗಳೂರಿನಲ್ಲಿ ಲೋಟ ಹಿಡಿದವರು ಅದೇ ರಾತ್ರಿ ಬೈಕಿನಲ್ಲಿ ಊರಿಗೆ ಹೊರಡುವ ಯೋಚನೆ ಬಿಡಬೇಕು. ಅರಸೀಕೆರೆಗೆ ರೈಲು ಇದೆ.

ನಮ್ಮ ಸೀಮೆಗೆ ಇದರಿಂದೇನು?

ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈನಿಂದ ನಿಷೇಧಕ್ಕೊಳಗಾಯಿತು. ಕಳ್ಳು ಇಳಿಸುವುದನ್ನು ಅದಕ್ಕೂ ಮುನ್ನವೇ, ಕರಾವಳಿಯ ಜಿಲ್ಲೆಗಳ ಹೊರತು, ನಿಲ್ಲಿಸಲಾಗಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್‌ಗಳ ಪ್ಯಾಕೆಟ್ಟುಗಳು ಬಂದವು. ಅವುಗಳನ್ನು ಯಾರೂ ರುಚಿಗಾಗಿ ಕೊಳ್ಳುವುದಿಲ್ಲ; ಮೂಗು ಹಿಡಿದು ನುಂಗುವವರೇ ಹೆಚ್ಚು. ಕಡಿಮೆ ಹಣಕ್ಕೆ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಅಮಲು ಎಂಬುದೇ ಅಲ್ಲಿನ ವ್ಯವಹಾರ. ಪ್ಯಾಕೆಟ್ಟಿನಿಂದ ಸ್ಟ್ರಾಂಗ್ ಬಿಯರ್‌ಗೆ, ಅಲ್ಲಿಂದ ನಗರದ ಪಬ್ಬಿಗೆ ಹೋದ ಯುವಕನು ಅದೇ ಮಾನದಂಡವನ್ನು ಜೊತೆಗೆ ಒಯ್ಯುತ್ತಾನೆ. ಪೇಲ್ ಏಲ್ ಅವನಿಗೆ ದುಬಾರಿಯಾದ, ಏರದ ಬಿಯರ್ ಆಗಿ ತೋರುತ್ತದೆ. ಏರುವವರೆಗೆ ಮೂರು ನಾಲ್ಕು ಪೈಂಟ್ ತರಿಸುತ್ತಾನೆ. ಆಗ ಅದೂ ಪ್ಯಾಕೆಟ್ಟಿನ ಕೆಲಸವನ್ನೇ ಮಾಡುತ್ತದೆ.

ಉಣ್ಣುವ, ಕುಡಿಯುವ ಪದಾರ್ಥಗಳನ್ನು ವಿವೇಚಿಸಿ ಸವಿಯುವುದು ಈ ನೆಲಕ್ಕೆ ಪರಕೀಯವೇನೂ ಅಲ್ಲ. ಬೇಲೂರಿನ ಚೆನ್ನಕೇಶವ ದೇಗುಲ ಮೇಲೇಳುತ್ತಿದ್ದ 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅನ್ನಪಾನಗಳ ಭೋಗವನ್ನು ಪ್ರತ್ಯೇಕವಾಗಿ ವಿವರಿಸಿದ್ದಾನೆ. ನಮ್ಮ ಅಜ್ಜಿಯರು ಕೊಬ್ಬರಿಯನ್ನು ಮುರಿದು ಮೂಸಿ ಅದರ ವಯಸ್ಸು ಹೇಳುತ್ತಿದ್ದರು. ಮಾವಿನಹಣ್ಣಿನ ತೊಟ್ಟನ್ನು ಮೂಸಿ ಹುಳಿಯೋ ಸಿಹಿಯೋ ತಿಳಿಸುತ್ತಿದ್ದರು. ಆ ಮೂಗು, ಆ ತಾಳ್ಮೆಯೇ ಇಲ್ಲಿಯೂ ಬೇಕಾಗಿರುವುದು.

ಕುಡಿಯದವರು ಕುಡಿಯದೆಯೇ ಉಳಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಪೇಲ್ ಏಲ್‌ನ ಇತಿಹಾಸವನ್ನೂ ರಸಾಯನವನ್ನೂ ಅರಿಯಲು ಕುಡಿಯಲೇಬೇಕೆಂದಿಲ್ಲ. ನೋಡಿಯೇ ತೀರುವೆನೆಂಬ 21 ವರ್ಷ ಮೀರಿದವರು ಹಸಿದ ಹೊಟ್ಟೆಯಲ್ಲಿ ಹೋಗದೆ, ಸಣ್ಣ ಲೋಟವೊಂದನ್ನು ತರಿಸಿ, ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸಿ, ಹತ್ತು ನಿಮಿಷ ಕಾದು ಮತ್ತೊಮ್ಮೆ ಗುಟುಕರಿಸಲಿ. ಇಷ್ಟರಲ್ಲಿ ಆ ಪಾನೀಯವು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿರುತ್ತದೆ. ಎರಡನೆಯ ಪೈಂಟ್‌ನಲ್ಲಿ ಹೊಸ ರುಚಿಯೇನೂ ಇರುವುದಿಲ್ಲ.